ಚೀಟಿ ಕೌಂಟರಿನಲ್ಲಿ ಯಾರು ಕೂರಬೇಕು?



ಆಸ್ಪತ್ರೆ ಎಂದ ಕೂಡಲೇ ನಮಗೆ ನೆನಪಾಗುವುದು ಡಾಕ್ಟರು, ನರ್ಸು, ಇಂಜೆಕ್ಷನ್ನು. ಆದರೆ ಜ್ವರ ಬಂದ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನೀವು ಒಳಗೆ ಹೋದಾಗ ಮೊದಲು ಮಾತಾಡಿಸುವವರು ಇವರು ಯಾರೂ ಅಲ್ಲ. ಗಾಜಿನ ಹಿಂದೆ ಕಂಪ್ಯೂಟರ್ ಇಟ್ಟುಕೊಂಡು "ಹೆಸರು? ವಯಸ್ಸು? ಊರು?" ಎಂದು ಕೇಳುವವರು. ಬೋರ್ಡಿನ ಮೇಲೆ ನೋಂದಣಿ ವಿಭಾಗ ಎಂದು ಬರೆದಿರುತ್ತದೆ. ನಮ್ಮ ಜನ ಹೇಳೋದು ಚೀಟಿ ಮಾಡಿಸೋ ಜಾಗ ಅಂತ.

ಈ ಜಾಗದಲ್ಲಿ ಕೂರುವವರನ್ನು ಹೇಗೆ ಆರಿಸಬೇಕು ಎಂಬುದು ಈ ತಿಂಗಳ ಪಾಠ. "ಅದು ಆಸ್ಪತ್ರೆಯವರ ಕೆಲಸ ಸಿಸ್ಟರ್, ನಮಗ್ಯಾಕೆ?" ಎಂದು ನೀವು ಕೇಳಬಹುದು. ನಮ್ಮ ಸಂಘಗಳ ಹೆಣ್ಣುಮಕ್ಕಳು ಪಿ.ಯು.ಸಿ. ಮುಗಿಸಿ ಕೆಲಸ ಹುಡುಕುತ್ತಿದ್ದಾರೆ, ಪೇಟೆಯ ಆಸ್ಪತ್ರೆಗಳಲ್ಲಿ ಈ ಕೆಲಸ ಆಗಾಗ ಖಾಲಿ ಬೀಳುತ್ತದೆ. ಇದು ಒಂದು. ನಿಮ್ಮಲ್ಲಿ ಕೆಲವರು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿ ಇದ್ದೀರಿ, ಕೆಲವರು ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯ ಸಭೆಗೆ ಹೋಗುತ್ತೀರಿ. ಅಲ್ಲಿ ಔಷಧದ ಬಗ್ಗೆ, ಶೌಚಾಲಯದ ಬಗ್ಗೆ ಮಾತಾಡುತ್ತೀರಿ. ಕೌಂಟರಿನ ಬಗ್ಗೆ ಮಾತಾಡಿದ್ದನ್ನು ನಾವು ಅಷ್ಟಾಗಿ ಕೇಳಿಲ್ಲ.

ಒಂದು ಅಕ್ಷರದ ಬೆಲೆ

ಲತಾ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ 'ಟಿ' ಆದ ಮೇಲೆ 'ಎಚ್' ಹಾಕುವವರೂ ಇದ್ದಾರೆ, ಹಾಕದವರೂ ಇದ್ದಾರೆ. ಆಧಾರ್ ಕಾರ್ಡಿನಲ್ಲಿ ಎಚ್ ಇದ್ದು ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಏನಾಗುತ್ತದೆ? ಹೆರಿಗೆಗೆ ಸೇರಿಸಿದಾಗ ಬರೆದ ಆ ಹೆಸರೇ ಡಿಸ್ಚಾರ್ಜ್ ಕಾರ್ಡಿಗೆ ಹೋಗುತ್ತದೆ, ಅಲ್ಲಿಂದ ಜನನ ನೋಂದಣಿಗೆ ಹೋಗುತ್ತದೆ. ಮಗು ಹುಟ್ಟಿದ 21 ದಿನಗಳೊಳಗೆ ಈ ನೋಂದಣಿ ಆಗಬೇಕು. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು, ಮುಂದೆ ಮತದಾರರ ಪಟ್ಟಿಗೆ, ಡ್ರೈವಿಂಗ್ ಲೈಸೆನ್ಸಿಗೆ ಹುಟ್ಟಿದ ದಿನಾಂಕಕ್ಕೂ ಜಾಗಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಆ ಒಂದು ಎಚ್ ಸರಿಪಡಿಸಲು ತಾಯಿ ಕೂಲಿ ಬಿಟ್ಟು ಎಷ್ಟು ಸಲ ಕಚೇರಿಗೆ ಅಲೆಯಬೇಕು ಎಂಬುದು ಅಲೆದವರಿಗೇ ಗೊತ್ತು.

2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯನ್ನು ತೆಗೆದುಕೊಳ್ಳಿ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಆದರೆ ರೇಷನ್ ಕಾರ್ಡಿನಲ್ಲಿ ಲಕ್ಷ್ಮಮ್ಮ, ಆಸ್ಪತ್ರೆಯಲ್ಲಿ ಲಕ್ಷ್ಮೀದೇವಮ್ಮ ಎಂದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು ಎಂಬುದನ್ನು ಮೊದಲ ದಿನವೇ ಹೇಳುವವರು ಕೌಂಟರಿನಲ್ಲಿದ್ದರೆ ಒಂದು ಮನೆ ಸಾಲದಿಂದ ಉಳಿಯುತ್ತದೆ. ಹೇಳದಿದ್ದರೆ ಆ ಸಾಲಕ್ಕೆ ಅರ್ಜಿ ಬರುವುದು ನಿಮ್ಮ ಸಂಘಕ್ಕೇ!

ಇನ್ನು ಹಳೆಯ ನಂಬರಿನ ವಿಷಯ. ಚೀಟಿ ಕಳೆದುಹೋಗಿದೆ ಎಂದರೆ "ಹೊಸದು ಮಾಡೋಣ ಬಿಡಿ" ಎಂದು ಹೊಸ ನಂಬರ್ ಕೊಟ್ಟುಬಿಡುವುದು ಸುಲಭ. ಆದರೆ ಹೋದ ವರ್ಷ ಪೆನಿಸಿಲಿನ್ ಆಗಿಬರಲಿಲ್ಲ ಎಂದು ಬರೆದಿದ್ದು ಹಳೆಯ ಫೈಲಿನಲ್ಲಿ ಉಳಿದುಬಿಡುತ್ತದೆ. ಹೊಸ ಫೈಲು ನೋಡಿದ ಡಾಕ್ಟರಿಗೆ ಅದು ಕಾಣುವುದಿಲ್ಲ. ಫೋನ್ ನಂಬರಿನಿಂದ, ಗಂಡನ ಅಥವಾ ತಂದೆಯ ಹೆಸರಿನಿಂದ, ಊರಿನಿಂದ ಹುಡುಕಿ ಹಳೆಯ ನಂಬರ್ ತೆಗೆಯಲು ಎರಡು ನಿಮಿಷ ಹೆಚ್ಚು ಬೇಕು. ಆ ಎರಡು ನಿಮಿಷ ಕೊಡುವ ತಾಳ್ಮೆ ಇರುವವರೇ ಈ ಕೆಲಸಕ್ಕೆ ಬೇಕಾದವರು.

ಜಾಹೀರಾತು ಏನು ಕೇಳುತ್ತದೆ?

ಪೇಪರಿನಲ್ಲಿ ಬರುವ ಜಾಹೀರಾತುಗಳನ್ನು ನೋಡಿದ್ದೀರಿ. ನೋಡಲು ಲಕ್ಷಣವಾಗಿರಬೇಕು, 25 ವರ್ಷದೊಳಗಿರಬೇಕು, ಇಂಗ್ಲಿಷ್ ಬರಬೇಕು, ಮದುವೆಯಾಗಿರದಿದ್ದರೆ ಒಳ್ಳೆಯದು. ಇದನ್ನು ನಾವು ಒಪ್ಪುವುದಿಲ್ಲ. ಕೌಂಟರಿಗೆ ಬರುವ ಅಜ್ಜಿಗೆ ಇಂಗ್ಲಿಷ್ ಯಾಕೆ? ಕರಾವಳಿಯಲ್ಲಾದರೆ ತುಳು, ಕೊಂಕಣಿ, ಬ್ಯಾರಿ ಬೇಕು. ಕೋಲಾರದ ಕಡೆ ತೆಲುಗು, ತಮಿಳು. ಬೀದರ್, ಕಲಬುರಗಿ ಕಡೆ ಉರ್ದು, ಮರಾಠಿ. ತಾಂಡಾಗಳಿರುವ ಕಡೆ ಲಂಬಾಣಿ ಮಾತಾಡುವ ಒಬ್ಬಳು ಇದ್ದರೆ ಎಷ್ಟೋ ಹೆಂಗಸರು ಧೈರ್ಯವಾಗಿ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ.

ಹಾಗಾದರೆ ಯಾರು ಬೇಕು? ನಮ್ಮ ಉತ್ತರ ನಿಮಗೆ ಆಶ್ಚರ್ಯ ತರಬಹುದು. ಹತ್ತು ವರ್ಷ ಸಂಘದ ಪುಸ್ತಕ ಬರೆದ ಹೆಂಗಸು ಈ ಕೆಲಸದ ಮುಕ್ಕಾಲು ಪಾಲನ್ನು ಆಗಲೇ ಕಲಿತಿದ್ದಾಳೆ. ಯೋಚಿಸಿ ನೋಡಿ. ಹದಿನೈದು ಜನ ಒಟ್ಟಿಗೆ ಮಾತಾಡುವಾಗ ನಿರ್ಣಯ ಪುಸ್ತಕಕ್ಕೆ ತಪ್ಪಿಲ್ಲದೆ ಬರೆಯುತ್ತಾಳೆ. ಉಳಿತಾಯ, ಸಾಲದ ಕಂತು, ಬಡ್ಡಿ ಎಲ್ಲ ಕೂಡಿಸಿ ಕೈಯಲ್ಲಿರುವ ಹಣಕ್ಕೆ ತಾಳೆ ನೋಡುತ್ತಾಳೆ. ತಾಳೆಯಾಗದಿದ್ದರೆ ಮನೆಗೆ ಹೋಗುವುದಿಲ್ಲ. ಯಾರು ಯಾಕೆ ಸಾಲ ತೆಗೆದರು ಎಂಬುದನ್ನು ಹೊರಗೆ ಹೇಳುವುದಿಲ್ಲ. ಜಗಳಕ್ಕೆ ಬಂದವಳನ್ನು ಸಮಾಧಾನ ಮಾಡುತ್ತಾಳೆ. ಕೌಂಟರಿನ ಕೆಲಸವೂ ಇದೇ ಅಲ್ಲವೇ? ಬಾಕಿ ಕಾಲು ಪಾಲು ಕಂಪ್ಯೂಟರು. ಅದನ್ನು ದಿನಾ ಒಂದು ಗಂಟೆ ಕೂತರೆ ಮೂರು ತಿಂಗಳಲ್ಲಿ ಕಲಿಯಬಹುದು. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್ ಕಲಿತರೆ ಒಳ್ಳೆಯದೇ, ಆದರೆ ಬಹಳ ಆಸ್ಪತ್ರೆಗಳಲ್ಲಿ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಹಾಕುವುದರಿಂದ ಅದನ್ನು ಬಿಡುವ ಹಾಗಿಲ್ಲ. ಇದೇ ಕೆಲಸದಲ್ಲಿ ಮುಂದೆ ಬರಬೇಕೆನ್ನುವ ಹುಡುಗಿಯರಿಗೆ ವೈದ್ಯಕೀಯ ದಾಖಲೆಗಳ ಡಿಪ್ಲೊಮಾ ಕೋರ್ಸೂ ಇದೆ.

ಪರೀಕ್ಷೆ ಹೇಗಿರಬೇಕು?

ಆಯ್ಕೆಗೆ ಕರೆದವರು "ನಿಮ್ಮ ಬಗ್ಗೆ ಹೇಳಿ" ಎಂದು ಕೇಳಿ ಕಳಿಸಿದರೆ ಏನೂ ತಿಳಿಯುವುದಿಲ್ಲ. ಕೆಲಸ ಮಾಡಿಸಿ ನೋಡಬೇಕು. ಹತ್ತು ರೇಷನ್ ಕಾರ್ಡುಗಳನ್ನು ಕೊಟ್ಟು ಹೆಸರುಗಳನ್ನು ಕಾರ್ಡಿನಲ್ಲಿ ಇದ್ದ ಹಾಗೇ ಬರೆಯಲು ಹೇಳಬೇಕು, ತನಗೆ ಸರಿ ಕಂಡ ಹಾಗಲ್ಲ. ಆಮೇಲೆ ಒಬ್ಬರು ಕಿವಿ ಮಂದವಾದ ಅಜ್ಜಿಯ ಹಾಗೆ ಬಂದು ನಿಲ್ಲಬೇಕು.

ವಯಸ್ಸು ಕೇಳಿದರೆ ಅಜ್ಜಿ ಏನು ಹೇಳುತ್ತಾಳೆ? "ಇಂದಿರಾ ಗಾಂಧಿ ಸತ್ತ ವರ್ಷ ನನ್ನ ಮದುವೆ ಆಯ್ತವ್ವ, ಆಗ ಹದಿನೆಂಟೋ ಏನೋ" ಅನ್ನುತ್ತಾಳೆ. ನಗುವವಳು ಅಂದಾಜಿಗೆ 50 ಎಂದು ಬರೆದುಬಿಡುತ್ತಾಳೆ. ಕೇಳಿಸಿಕೊಳ್ಳುವವಳು 1984ರಲ್ಲಿ 18 ಕಳೆದು 1966ರ ಸುಮಾರಿಗೆ ಹುಟ್ಟಿದವಳು ಎಂದು ತಿಳಿಯುತ್ತಾಳೆ, ಆಧಾರ್ ಇದ್ದರೆ ಅದರ ಜೊತೆ ಹೋಲಿಸುತ್ತಾಳೆ. ಇಬ್ಬರಲ್ಲಿ ಯಾರನ್ನು ಆರಿಸಬೇಕು ಎಂದು ಹೇಳಲು ಸಂದರ್ಶನವೇ ಬೇಡ.

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ತುರ್ತಿನದು. ಸಾಲಿನಲ್ಲಿ ಇಪ್ಪತ್ತು ಜನ ಇದ್ದಾರೆ. ಹಿಂದೆ ಒಬ್ಬರ ಎದೆ ಹಿಂಡುತ್ತಿದೆ, ಬೆವರುತ್ತಿದ್ದಾರೆ. ಹಾವು ಕಚ್ಚಿದವರು, ಕ್ರಿಮಿನಾಶಕ ಕುಡಿದವರು, ಫಿಟ್ಸ್ ಬಂದ ಮಗು, ಹೆರಿಗೆ ನೋವಿನವಳು ಬರುತ್ತಾರೆ. ಕೌಂಟರಿನವಳು ಏನು ಮಾಡಬೇಕು? ಎದ್ದು ನಿಂತು ಸ್ಟ್ರೆಚರ್ ಕರೆಯಬೇಕು. ಚೀಟಿ ಆಮೇಲೆ, ಹಣ ಅದಕ್ಕಿಂತ ಆಮೇಲೆ. ತುರ್ತಾಗಿ ಬಂದವರ ಜೀವ ಉಳಿಸುವುದೇ ಮೊದಲು, ಪೊಲೀಸ್ ಕಾಗದಪತ್ರ ಅದಕ್ಕೆ ಅಡ್ಡ ಬರಬಾರದು ಎಂದು 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಪಘಾತವಾದವರನ್ನು ಕರೆತಂದ ದಾರಿಹೋಕರು ತಮ್ಮ ಹೆಸರು, ವಿಳಾಸ ಕೊಡಲೇಬೇಕೆಂದು ಒತ್ತಾಯ ಮಾಡುವ ಹಾಗಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಇದನ್ನು ಸೇರಿಸಿದ್ದಾರೆ.

ಬೈಬಲಿನ ದಯಾಳು ಸಮಾರಿಯದವನ ಕಥೆಯನ್ನು ನಮ್ಮ ಸಭೆಗಳಲ್ಲಿ ಬೇರೆ ಬೇರೆ ಧರ್ಮದ ನೀವೆಲ್ಲರೂ ಕೇಳಿದ್ದೀರಿ. ಅದರಲ್ಲಿ ಛತ್ರದವನೊಬ್ಬ ಬರುತ್ತಾನೆ, ಅವನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಾಯಗೊಂಡವನ ಊರು ಯಾವುದು, ಜಾತಿ ಯಾವುದು ಎಂದು ಅವನು ಕೇಳಿದ್ದಾಗಿ ಆ ಕಥೆಯಲ್ಲಿ ಎಲ್ಲೂ ಇಲ್ಲ. ಎರಡು ನಾಣ್ಯಕ್ಕೆ ಆರೈಕೆ ವಹಿಸಿಕೊಂಡ. ಉಳಿದದ್ದು ಆಮೇಲೆ ಕೊಡುತ್ತೇನೆ ಎಂಬ ಮಾತನ್ನು ನಂಬಿದ.

ಬಾಯಿ ಗಟ್ಟಿ ಇರಬೇಕು

ನಮ್ಮ ಹೆಂಗಸರು ಬಿಳಿಮುಟ್ಟಿಗೂ "ಹೊಟ್ಟೆನೋವು" ಅನ್ನುತ್ತಾರೆ, ಗರ್ಭಕೋಶ ಜಾರಿದ್ದಕ್ಕೂ "ಹೊಟ್ಟೆನೋವು" ಅನ್ನುತ್ತಾರೆ. ಹಿಂದೆ ಗಂಡಸರು ನಿಂತಿರುವಾಗ ಬೇರೆ ಏನು ಹೇಳಲು ಸಾಧ್ಯ? ಹಾಗಾಗಿ ಅವರು ಬೇರೆ ಡಾಕ್ಟರ ಕೋಣೆಯ ಮುಂದೆ ಮಧ್ಯಾಹ್ನದವರೆಗೆ ಕಾದು, ಅಲ್ಲಿಂದ ಇನ್ನೊಂದು ಕಡೆ ಕಳಿಸಿಕೊಂಡು, ಕೊನೆಗೆ ಬಸ್ಸಿನ ಹೊತ್ತಾಯಿತೆಂದು ಹಾಗೇ ಮನೆಗೆ ಹೋಗುತ್ತಾರೆ. ಕೌಂಟರಿನಲ್ಲಿ ಒಬ್ಬ ಹೆಂಗಸಿದ್ದು, ಮುಂದೆ ಬಗ್ಗಿ, "ಹೆಂಗಸರ ಡಾಕ್ಟರ ಹತ್ತಿರ ಕಳಿಸಲಾ ಅಕ್ಕಾ?" ಎಂದು ಮೆಲ್ಲಗೆ ಕೇಳಿದರೆ ಸಾಕು.

ಕೇಳಿದ್ದು ಅಲ್ಲೇ ಇರಬೇಕು. ಊರಿನವಳೇ ಕೌಂಟರಿನಲ್ಲಿ ಕೂತರೆ ಯಾರು ಬಂದರು, ಯಾವ ವಿಭಾಗಕ್ಕೆ ಹೋದರು ಎಲ್ಲವೂ ಅವಳಿಗೆ ಗೊತ್ತಾಗುತ್ತದೆ. ಎಚ್.ಐ.ವಿ. ಇರುವವರ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಹೇಳುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಮಾನಸಿಕ ಚಿಕಿತ್ಸೆ ಪಡೆಯುವವರ ಗುಟ್ಟು ಕಾಪಾಡಲು ಅದೇ ವರ್ಷ ಬಂದ ಇನ್ನೊಂದು ಕಾಯ್ದೆಯಿದೆ. ಕ್ಷಯವಿರಲಿ, ಮಕ್ಕಳಾಗದ ಚಿಕಿತ್ಸೆಯಿರಲಿ, ಒಂದು ಮಾತು ಹೊರಬಿದ್ದರೆ ಒಂದು ಮದುವೆ ಮುರಿಯಬಹುದು. ಆದ್ದರಿಂದ ಒಕ್ಕೂಟದಿಂದ ಯಾರ ಹೆಸರನ್ನಾದರೂ ಆಸ್ಪತ್ರೆಗೆ ಸೂಚಿಸುವಾಗ ಅವಳ ಬಾಯಿ ಎಂಥದ್ದು ಎಂದು ಮೊದಲು ಯೋಚಿಸಿ. ಅಧ್ಯಕ್ಷೆಯ ತಂಗಿಯ ಮಗಳಾದರೂ ಸರಿ, ಅವಳು ಮಾತು ಹೊರಹಾಕುವವಳಾದರೆ ಸೂಚಿಸಬೇಡಿ. ಬೇರೆ ಕೆಲಸ ಹುಡುಕಿಕೊಡೋಣ.

ಸಂಬಳದ ಮಾತು

ಕೆಲಸ ಕೊಡಿಸುತ್ತೇವೆಂದು ಮುಂಗಡ ಕೇಳುವ ಏಜೆನ್ಸಿಗೆ ಒಂದು ರೂಪಾಯಿ ಕೊಡಬೇಡಿ. ಇದಕ್ಕಾಗಿ ಸಂಘದಿಂದ ಸಾಲವನ್ನೂ ಕೊಡಬೇಡಿ. ಅಂಕಪಟ್ಟಿಯ ಅಸಲು ಪ್ರತಿಯನ್ನು ತೋರಿಸಿ ವಾಪಸ್ ತನ್ನಿ, ಅಲ್ಲಿಡಲು ಜೆರಾಕ್ಸ್ ಸಾಕು. ನೇಮಕಾತಿ ಪತ್ರವನ್ನು ಕೇಳಿ ಪಡೆಯಿರಿ. ಅದರಲ್ಲಿ ಸಂಬಳ, ಕೆಲಸದ ಗಂಟೆ, ವಾರದ ರಜೆ, ರಾತ್ರಿ ಪಾಳಿ ಇದೆಯೇ ಎಂಬುದು ಬರೆದಿರಬೇಕು. ರಾತ್ರಿ ಪಾಳಿ ಇದ್ದರೆ ಮನೆಗೆ ಬರುವ ವ್ಯವಸ್ಥೆ ಏನು ಎಂದು ಅಮ್ಮಂದಿರು ಧಾರಾಳವಾಗಿ ಕೇಳಬಹುದು, ಅದು ಅಧಿಕಪ್ರಸಂಗವಲ್ಲ.

ಸಂಬಳದಲ್ಲಿ ಹಣ ಹಿಡಿದರು ಎಂದು ಹುಡುಗಿಯರು ಮೊದಲ ತಿಂಗಳೇ ಬೇಸರ ಪಡುತ್ತಾರೆ. ಲೆಕ್ಕ ತಿಳಿದರೆ ಬೇಸರವಿಲ್ಲ. 12,000 ರೂಪಾಯಿ ಸಂಬಳ ಎಂದುಕೊಳ್ಳಿ. ಇ.ಎಸ್.ಐ.ಗೆ ಕೆಲಸಗಾರರ ಪಾಲು 2019ರ ಜುಲೈಯಿಂದ ಶೇಕಡಾ 0.75, ಅಂದರೆ 90 ರೂಪಾಯಿ. ಮಾಲೀಕರ ಪಾಲು ಶೇಕಡಾ 3.25, ಅಂದರೆ 390. ಪೂರ್ತಿ ಸಂಬಳಕ್ಕೆ ಶೇಕಡಾ 12ರಂತೆ ಪಿ.ಎಫ್. ಹಿಡಿದರೆ 1,440. ಕೈಗೆ ಬರುವುದು 10,470. ಆ 90 ರೂಪಾಯಿಗೆ ಇ.ಎಸ್.ಐ. ನಿಯಮದಂತೆ ಅವಳಿಗೂ ಅವಳನ್ನು ನಂಬಿರುವ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ನಿಗದಿತ ದಿನಗಳ ವಂತಿಗೆ ಕಟ್ಟಿದ್ದರೆ ಮೊದಲ ಎರಡು ಹೆರಿಗೆಗೆ 26 ವಾರಗಳ ಹಣವೂ ಬರುತ್ತದೆ. ಹಣ ಹಿಡಿದು, ಇ.ಎಸ್.ಐ. ನಂಬರ್ ಮಾತ್ರ ಕೊಡದಿದ್ದರೆ ಸುಮ್ಮನಿರಬಾರದು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು, 2013ರ ಕಾಯ್ದೆ ಅದು. ಸಮಿತಿಯಲ್ಲಿ ಯಾರಿದ್ದಾರೆ ಎಂದು ಸೇರುವ ದಿನವೇ ತಿಳಿದುಕೊಳ್ಳಲಿ.

ಮುಂದಿನ ಸಭೆಯಲ್ಲಿ

ಎಲ್ಲರೂ ರೇಷನ್ ಕಾರ್ಡ್ ಮತ್ತು ಆಧಾರ್ ತನ್ನಿ. ಎರಡರಲ್ಲೂ ನಿಮ್ಮ ಹೆಸರು ಒಂದೇ ಥರ ಇದೆಯೇ ನೋಡಿ. ಇಲ್ಲದವರ ಪಟ್ಟಿ ಮಾಡಿ, ಕಾಯಿಲೆ ಬರುವ ಮೊದಲೇ ಸರಿಪಡಿಸಲು ಕೊಡೋಣ. ಆಮೇಲೆ ಒಬ್ಬಳು ಕೌಂಟರಿನವಳಾಗಿ ಕೂರಲಿ, ಒಬ್ಬಳು ಕಿವಿ ಕೇಳದ ಅಜ್ಜಿಯಾಗಲಿ, ಇನ್ನೊಬ್ಬಳು ಸಾಲು ತಪ್ಪಿಸಿ ನುಗ್ಗುವ ಗಂಡಸಾಗಲಿ (ಇದಕ್ಕೆ ಪೈಪೋಟಿ ಜಾಸ್ತಿ ಇರುತ್ತದೆ ಎಂದು ನಮಗೆ ಗೊತ್ತು). ಉಳಿದವರು ನೋಡಿ ಹೇಳಿ: ಹೆಸರನ್ನು ಓದಿ ಹೇಳಿ ಸರಿಯಿದೆಯೇ ಎಂದು ಕೇಳಿದಳೇ? ಹಳೆಯ ಚೀಟಿ ಇದೆಯೇ ಎಂದು ಕೇಳಿದಳೇ? ದನಿ ಏರಿಸಿದಳೇ?

ಈ ಕೆಲಸ ಕಲಿಯಲು ಆಸಕ್ತಿ ಇರುವವರ ಹೆಸರು, ಓದು, ಗೊತ್ತಿರುವ ಭಾಷೆಗಳನ್ನು ನಿರ್ಣಯ ಪುಸ್ತಕದಲ್ಲಿ ಬರೆದಿಡಿ. ವಯಸ್ಸು ಮೂವತ್ತೈದು ದಾಟಿದವರನ್ನೂ ಬರೆಯಿರಿ. ಕಾರ್ಯಕರ್ತೆ ಬಂದಾಗ ಆ ಪುಟವನ್ನು ತೋರಿಸಿ, ಒಕ್ಕೂಟದ ಸಭೆಗೆ ತರುತ್ತಾರೆ.