ಕಿರುದೆವ್ವದ ಹೆಸರು: ತೆಂಗುಸೀಮೆಯ ನಾಮಕರಣ ಪದ್ಧತಿಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಕನ್ನಡದಲ್ಲಿ ಸ್ಥಳನಾಮ ಮತ್ತು ವ್ಯಕ್ತಿನಾಮಗಳ ಅಧ್ಯಯನಕ್ಕೆ ಒಂದು ಪರಂಪರೆಯೇ ಇದೆ. ಆದರೆ ರಕ್ಕಸ, ಭೂತ, ಕಿರುದೆವ್ವ ಮೊದಲಾದ ಕಲ್ಪಿತ ಜೀವಿಗಳಿಗೆ ಭಾಷೆ ಯಾವ ನಿಯಮದಿಂದ ಹೆಸರಿಡುತ್ತದೆ ಎಂಬ ಪ್ರಶ್ನೆ ಪುರಾಣನಾಮಕೋಶಗಳ ಆಚೆಗೆ ಅಷ್ಟಾಗಿ ಚರ್ಚೆಗೆ ಬಂದಂತಿಲ್ಲ. ಈ ಪ್ರಶ್ನೆ ಈಗ ಅನಿರೀಕ್ಷಿತವಾದ ಒಂದು ದಿಕ್ಕಿನಿಂದ ಎದುರಾಗಿದೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪ್ರಕಟವಾಯಿತು. ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತ, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ ಮಾತಿನಲ್ಲೇ ಕಥೆ ಬೆಳೆಸುವ ಆಟಗಳು ಅಲ್ಲಿಂದ ಹಬ್ಬಿದವು. ಇವುಗಳಲ್ಲಿ ‘ಗಾಬ್ಲಿನ್’ ಎಂಬುದು ತಪ್ಪದೆ ಬರುವ ಜೀವಿ: ಗಿಡ್ಡ ದೇಹ, ಕುಟಿಲ ಬುದ್ಧಿ, ಸದಾ ಹಸಿವು, ಗುಂಪಾಗಿ ನುಗ್ಗಿ, ಏಟು ಬಿದ್ದರೆ ಚದರಿ ಓಡುವ ಸ್ವಭಾವ. ಆಟವನ್ನು ಕನ್ನಡದಲ್ಲಿ ನಡೆಸುವವರಿಗೆ ಈ ಜೀವಿಯ ಹೆಸರೇ ಮೊದಲ ತೊಡಕು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗುಸೀಮೆಗೆ ಇಂಥ ಸನ್ನಿವೇಶ ತೀರ ಅಪರಿಚಿತವಲ್ಲ. ಜೀ.ಶಂ. ಪರಮಶಿವಯ್ಯನವರ ಅಧ್ಯಯನಗಳಿಂದ ವಿದ್ವತ್‌ಲೋಕದ ಗಮನಕ್ಕೆ ಬಂದ ಮೂಡಲಪಾಯ ಯಕ್ಷಗಾನ ಈ ಭಾಗದ ಬಯಲಾಟ. ಅದರಲ್ಲಿ ರಂಗಕ್ಕೆ ಬಂದ ಪಾತ್ರವನ್ನು ಮಾತನಾಡಿಸಿ ‘ತಾವು ಯಾರು’ ಎಂದು ಕೇಳುವುದು ಒಂದು ಕ್ರಮ. ಹೆಸರು ಹೊರಬೀಳುವವರೆಗೆ ಪಾತ್ರ ಪೂರ್ತಿಯಾಗಿ ಪ್ರವೇಶಿಸಿದಂತಾಗುವುದಿಲ್ಲ. ಮೇಜಿನಾಟದಲ್ಲಿಯೂ ಹೀಗೆಯೇ. ದೆವ್ವಕ್ಕೆ ಹೆಸರು ಬಂದ ಮೇಲೆ ಅದರೊಡನೆ ಜಗಳ, ಚೌಕಾಸಿ, ಸಂಧಾನ ಎಲ್ಲವೂ ಸಾಧ್ಯವಾಗುತ್ತವೆ.

ಪಾಶ್ಚಾತ್ಯ ಆಟಗಾರರು ಸಾಮಾನ್ಯವಾಗಿ ಅನುಸರಿಸುವ ದಾರಿ ಧ್ವನಿಯದು. ಟೋಲ್ಕಿನ್‌ನ ‘ದಿ ಹಾಬಿಟ್’ (1937) ಕೃತಿಯಲ್ಲಿ ಅಜೋಗ್, ಬೋಲ್ಗ್ ಎಂಬ ಹೆಸರುಗಳಿವೆ. ‘ದಿ ಲಾರ್ಡ್ ಆಫ್ ದ ರಿಂಗ್ಸ್’ (1954-55) ಕೃತಿಯಲ್ಲಿ ಗ್ರಿಶ್ನಾಖ್, ಉಗ್ಲೂಕ್, ಶಾಗ್ರಾಟ್ ಬರುತ್ತವೆ. ಕಂಠ್ಯ ಸ್ಪರ್ಶಗಳು, ಒತ್ತಕ್ಷರಗಳು, ವ್ಯಂಜನದಲ್ಲಿ ತಟ್ಟನೆ ನಿಲ್ಲುವ ಕೊನೆ: ಇವು ಕಿವಿಗೆ ಒರಟಾಗಿರುವುದರಿಂದ ಜೀವಿಯೂ ಒರಟು ಎಂಬ ಭಾವನೆ ಹುಟ್ಟುತ್ತದೆ. ಕನ್ನಡದಲ್ಲಿ ಈ ದಾರಿ ಬಹುದೂರ ಸಾಗದು. ಕನ್ನಡದ ನಾಮಪದ ಸ್ವರಾಂತ್ಯವನ್ನು ಬಯಸುತ್ತದೆ. ‘ಗ್ರಿಶ್ನಾಖ್’ಗೆ ವಿಭಕ್ತಿ ಹತ್ತಿದೊಡನೆ ಅದು ‘ಗ್ರಿಶ್ನಾಖನಿಗೆ’ ಎಂದಾಗಿ ಅರ್ಧ ಒರಟುತನ ಕಳೆದುಕೊಳ್ಳುತ್ತದೆ. ಮಹಾಪ್ರಾಣದ ಮೂಲಕ ಭಯ ಹುಟ್ಟಿಸೋಣವೆಂದರೆ, ಆಡುಮಾತಿನಲ್ಲಿ ಮಹಾಪ್ರಾಣ ನಿಲ್ಲುವುದಿಲ್ಲ. ಬರಹದ ‘ಭೂತ’ ಹಳ್ಳಿಯ ಬಾಯಲ್ಲಿ ‘ಬೂತ’ವೇ. ಇವು ಧ್ವನಿಯ ತೊಡಕುಗಳಾದವು. ಇದಕ್ಕಿಂತ ಆಳವಾದ ತೊಡಕು ರೂಢಿಯದು. ಒರಟು ಹೆಸರು ಒರಟು ಜೀವಿಗೆ ಸಲ್ಲತಕ್ಕದ್ದು ಎಂಬ ಗ್ರಹಿಕೆಯನ್ನೇ ಇಲ್ಲಿನ ನಾಮಕರಣ ಪದ್ಧತಿ ಒಪ್ಪುವುದಿಲ್ಲ.

ಈ ಮಾತನ್ನು ಪರಿಶೀಲಿಸಲು ಕೇಶಿರಾಜನ ವಿಂಗಡಣೆಯಿಂದ ಆರಂಭಿಸುವುದು ಉಚಿತ. 13ನೆಯ ಶತಮಾನದ ‘ಶಬ್ದಮಣಿದರ್ಪಣ’ ನಾಮಗಳನ್ನು ರೂಢ, ಅನ್ವರ್ಥ, ಅಂಕಿತ ಎಂದು ಗುರುತಿಸುತ್ತದೆ. ಕುತೂಹಲದ ಸಂಗತಿಯೆಂದರೆ, ಆಂಗ್ಲರ ಗಾಬ್ಲಿನ್ ಶಬ್ದವೂ ಅಂಕಿತದಿಂದ ರೂಢಕ್ಕೆ ಇಳಿದುದಾಗಿರಬಹುದು. 12ನೆಯ ಶತಮಾನದ ಚರಿತ್ರಕಾರ ಆರ್ಡೆರಿಕ್ ವಿಟಾಲಿಸ್ ಫ್ರಾನ್ಸಿನ ಎವ್ರೂ ಪಟ್ಟಣದ ಒಂದು ದೆವ್ವವನ್ನು ಜನ ‘ಗೊಬೆಲಿನಸ್’ ಎಂದು ಕರೆಯುತ್ತಿದ್ದುದನ್ನು ದಾಖಲಿಸಿದ್ದಾನೆ. ಒಂದು ಊರಿನ ಒಂದು ದೆವ್ವದ ಹೆಸರಾಗಿ ಕಾಣಿಸಿಕೊಳ್ಳುವ ಶಬ್ದ ಮುಂದೆ ಒಂದು ಜಾತಿಯ ದೆವ್ವಗಳ ಹೆಸರಾಗಿದೆ. ‘ಹಾಬ್‌ಗಾಬ್ಲಿನ್’ ಎಂಬುದರ ‘ಹಾಬ್’ ಮತ್ತೂ ಅರ್ಥಪೂರ್ಣ. ಅದು ರಾಬರ್ಟ್, ರಾಬಿನ್ ಎಂಬ ಹೆಸರುಗಳ ಮುದ್ದಿನ ರೂಪ. ಷೇಕ್ಸ್‌ಪಿಯರನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕದ ಪಕ್ ಎಂಬ ಕಿರುದೆವ್ವಕ್ಕೆ ರಾಬಿನ್ ಗುಡ್‌ಫೆಲೋ ಎಂಬ ಸಜ್ಜನಿಕೆಯ ಹೆಸರೂ ಉಂಟು. ಅಂದರೆ ಒರಟು ಧ್ವನಿಯ ಹೆಸರು ಅಲ್ಲಿಯೂ ಆಧುನಿಕ ಕಾದಂಬರಿಕಾರರ ಕೊಡುಗೆಯೇ ಹೊರತು ಜನಪದರದಲ್ಲ.

ಸಂಸ್ಕೃತ ಪರಂಪರೆಯ ರಾಕ್ಷಸನಾಮಗಳು ಬೇರೆಯೇ ಒಂದು ಮಾದರಿಯನ್ನು ಒದಗಿಸುತ್ತವೆ. ಕುಂಭಕರ್ಣ, ಶೂರ್ಪನಖಿ, ತ್ರಿಶಿರ, ಧೂಮ್ರಾಕ್ಷ, ವಜ್ರದಂಷ್ಟ್ರ, ಮಹೋದರ, ಏಕಜಟೆ, ಅಜಮುಖಿ: ಇವೆಲ್ಲವೂ ಬಹುವ್ರೀಹಿಗಳು. ಒಂದು ಅಂಗ, ಅದಕ್ಕೊಂದು ಹೋಲಿಕೆ ಅಥವಾ ವಿಶೇಷಣ. ಸಮಾಸ ಮುಗಿಯುವಷ್ಟರಲ್ಲಿ ರೂಪ ಕಣ್ಣಿಗೆ ಕಟ್ಟುತ್ತದೆ. ಘಟೋತ್ಕಚನ ಹೆಸರನ್ನು ಘಟದಂಥ ತಲೆಯ, ಕೂದಲಿಲ್ಲದವನು ಎಂದು ಬಿಡಿಸುವುದು ಸಂಪ್ರದಾಯ. ಇಲ್ಲಿ ಹೋಲಿಕೆಯ ವಸ್ತುಗಳನ್ನು ಗಮನಿಸಬೇಕು. ಕುಂಭ, ಶೂರ್ಪ, ಘಟ. ಕೊಡ, ಮೊರ, ಮಡಕೆ. ಮಹಾಕಾವ್ಯದ ಘೋರ ರೂಪಗಳು ಅಡುಗೆಮನೆಯ ಪಾತ್ರೆಗಳಿಂದ ಕಟ್ಟಲ್ಪಟ್ಟಿವೆ. ಕನ್ನಡದ ಕಿವಿಗೆ ಇವು ಭವ್ಯವಾಗಿ ಕೇಳುವುದು ಸಂಸ್ಕೃತದ ದೂರದಿಂದ ಮಾತ್ರ. ಈ ದೂರದಿಂದಾಗಿಯೇ ಇವು ಗಾಬ್ಲಿನ್‌ಗೆ ಹೊಂದುವುದಿಲ್ಲ. ಮೊಣಕಾಲೆತ್ತರದ ಕಳ್ಳದೆವ್ವಕ್ಕೆ ‘ವಜ್ರದಂಷ್ಟ್ರ’ ಎಂದರೆ ಹೆಸರು ಉಡುಪಿಗಿಂತ ದೊಡ್ಡದಾಗುತ್ತದೆ. ಇನ್ನು ‘ರಾಕ್ಷಸ’ ಎಂಬ ಶಬ್ದವೇ ಮನುಷ್ಯನ ಅಂಕಿತನಾಮವಾಗಿ ಘನತೆ ಪಡೆದಿರುವುದೂ ಉಂಟು. ವಿಶಾಖದತ್ತನ ನಾಟಕದ ನಿಷ್ಠಾವಂತ ಅಮಾತ್ಯನ ಹೆಸರು ರಾಕ್ಷಸ. ಆ ನಾಟಕವನ್ನು ‘ರಾಕ್ಷಸನ ಮುದ್ರಿಕೆ’ಯಾಗಿ ಕನ್ನಡಕ್ಕೆ ತಂದ ತೀ.ನಂ. ಶ್ರೀಕಂಠಯ್ಯನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರೆಂಬುದು ಇಲ್ಲಿ ನೆನೆಯತಕ್ಕ ಮಾತು.

ತೆಂಗುಸೀಮೆಯ ಗ್ರಾಮದೈವಗಳ ಕಡೆ ತಿರುಗಿದರೆ ಚಿತ್ರ ಸಂಪೂರ್ಣ ಬದಲಾಗುತ್ತದೆ. ಹಳೆಯ ಮೈಸೂರಿನ ತುಮಕೂರು, ಹಾಸನ, ಮಂಡ್ಯ ಮೊದಲಾದ ಕಡೆ ಗ್ರಾಮದೇವತೆಯ ಉತ್ಸವದಲ್ಲಿ ನಡೆಯುವ ಸೋಮನ ಕುಣಿತದಲ್ಲಿ ಬಣ್ಣ ಬಳಿದ ಮರದ ದೊಡ್ಡ ಮುಖವಾಡಗಳು ಬರುತ್ತವೆ. ಬಣ್ಣದಿಂದಲೇ ಸ್ವಭಾವ ತಿಳಿಯುತ್ತದೆ. ಕೆಂಪು ಸೌಮ್ಯ, ಕಪ್ಪು ಅಥವಾ ಹಳದಿ ಉಗ್ರ. ಇಂಥ ಕಾವಲು ಶಕ್ತಿಗಳನ್ನು ಜನ ಕರೆಯುವುದು ಕೆಂಚರಾಯ, ಭೂತರಾಯ, ದೂತರಾಯ ಎಂಬ ರೀತಿಯಲ್ಲಿ. ಮುಖ ಎಷ್ಟೇ ಭೀಕರವಾಗಿದ್ದರೂ ಹೆಸರಿನ ಕೊನೆಗೆ ‘ರಾಯ’ನಿದ್ದಾನೆ. ತಿಪಟೂರಿನ ಗ್ರಾಮದೇವತೆ ಕೆಂಪಮ್ಮ. ಮಲೆನಾಡಿನಲ್ಲಿ ಬರಿಯ ‘ಚೌಡಿ’ಯಾಗಿ ಕಾಡಂಚಿನಲ್ಲಿ ನಿಲ್ಲುವ ಶಕ್ತಿ ತಿಪಟೂರಿನ ಸಮೀಪದ ದಸರೀಘಟ್ಟದಲ್ಲಿ ಚೌಡೇಶ್ವರಿಯಾಗಿದೆ. ಮಕ್ಕಳನ್ನು ಹೆದರಿಸುವ ಗೊಗ್ಗನೂ ‘ಗೊಗ್ಗಯ್ಯ’ನೇ. ಸಿಡುಬು ‘ಅಮ್ಮ’, ರಾತ್ರಿ ಹೊತ್ತು ಕಂಡ ಹಾವು ‘ಹುಳ’. ಭಯ ಹೆಚ್ಚಿದಷ್ಟೂ ಬಂಧುತ್ವವಾಚಕ ಅಥವಾ ಗೌರವವಾಚಕ ಹತ್ತಿರವಾಗುತ್ತದೆ. ಈ ವ್ಯವಹಾರದ ವಿನೋದದ ಮುಖವನ್ನು ಸಿದ್ಧಲಿಂಗಯ್ಯನವರ ‘ಅವತಾರಗಳು’ ಬಹು ಚೆನ್ನಾಗಿ ತೋರಿಸಿದೆ. ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ಒಂದೆಡೆ ಸೇರಿ ಸುಖದುಃಖ ಮಾತಾಡುವ ದೀಪಗಳು ‘ಜೋತಮ್ಮ’ರಾಗುವುದೂ ಇದೇ ವ್ಯಾಕರಣದಿಂದ.

ಇದಕ್ಕೆ ತದ್ವಿರುದ್ಧವಾದುದು ಮಕ್ಕಳ ನಾಮಕರಣ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದೆ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ‘ತಿಪ್ಪ’ ಎಂದು ಕರೆಯುವ ಪದ್ಧತಿ ಸುಪರಿಚಿತ. ಹುಚ್ಚಯ್ಯ, ಹುಚ್ಚಮ್ಮ, ಗುಂಡ, ಕಲ್ಲ ಮೊದಲಾದ ಹೆಸರುಗಳ ಹಿಂದೆಯೂ ಹಲವು ಬಾರಿ ಇಂಥ ಹರಕೆ ಅಥವಾ ಅಂಜಿಕೆ ಇರುತ್ತದೆ. ಕಸದಂಥ ಹೆಸರಿನ ಕೂಸನ್ನು ಕೆಟ್ಟ ಕಣ್ಣು ಲೆಕ್ಕಕ್ಕೆ ತೆಗೆದುಕೊಳ್ಳಲಾರದು ಎಂಬ ನಂಬಿಕೆ ಇದಕ್ಕೆ ಆಧಾರ. ಹೀಗಾಗಿ ಈ ಸೀಮೆಯಲ್ಲಿ ಹೆಸರಿನ ಒರಟುತನ ಮತ್ತು ನಯಗಳು ತಲೆಕೆಳಗಾಗಿ ಹಂಚಿಕೆಯಾಗಿವೆ: ಒರಟು ಹೆಸರು ಅತ್ಯಂತ ಪ್ರೀತಿಯ ಕೂಸಿಗೆ, ನಯವಾದ ಹೆಸರು ಅತ್ಯಂತ ಅಂಜಿಕೆಯ ಶಕ್ತಿಗೆ. ಮೂಡಲಪಾಯದ ಜನಪ್ರಿಯ ಪ್ರಸಂಗವಾದ ‘ಕರಿಭಂಟನ ಕಾಳಗ’ದಲ್ಲಿ ‘ಕರಿ’ ಎಂಬ ಪೂರ್ವಪದ ಹೊತ್ತಿರುವವನು ರಕ್ಕಸನಲ್ಲ, ನಾಯಕ.

ಇದು ಕೇವಲ ಅಭಿರುಚಿಯ ಪ್ರಶ್ನೆಯಲ್ಲ. ಆಂಗ್ಲ ಮಾದರಿಯನ್ನು ಅನುಸರಿಸಿ ‘ಒರಟಾಗಿ ಕೇಳುವ’ ಕನ್ನಡ ಹೆಸರುಗಳನ್ನು ಹುಡುಕಹೊರಟವರ ಕೈಗೆ ಮೊದಲು ಸಿಗುವುವು ಕರಿಯ, ಕಾಳ, ಮಾರ, ತಿಪ್ಪ, ಚೋಮ ಎಂಬುವೇ. ಇವು ಶತಮಾನಗಳ ಕಾಲ ದುಡಿಯುವ ಕೆಳಜಾತಿಗಳ ಜನ ಹೊತ್ತು ಬಂದ, ಇಂದಿಗೂ ಮನೆಗಳಲ್ಲಿ ಅಜ್ಜ ಮುತ್ತಜ್ಜರ ನೆನಪಾಗಿ ಉಳಿದಿರುವ ಹೆಸರುಗಳು. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಪ್ರಕಟವಾಗಿ ಇಷ್ಟು ಕಾಲವಾದ ಮೇಲೆ ಚೋಮ ಎಂಬ ಹೆಸರನ್ನು ಹಸಿರು ಚರ್ಮದ ಕಳ್ಳದೆವ್ವಕ್ಕೆ ಅಂಟಿಸುವುದು ಅಜ್ಞಾನವಾಗಬಹುದು, ಆದರೆ ನಿರಪರಾಧವಲ್ಲ. ಹೆಸರನ್ನು ಕೇಳಿ ಮೇಜಿನ ಸುತ್ತ ಏಳುವ ನಗೆ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಕೇಳಿಕೊಳ್ಳಬೇಕು. ಮತ್ತೊಂದು ತುದಿಯಲ್ಲಿ ಕೆಂಚರಾಯ, ಭೂತರಾಯರನ್ನಾಗಲಿ ಕರಾವಳಿಯ ಗುಳಿಗ, ಪಂಜುರ್ಲಿಗಳನ್ನಾಗಲಿ ಇದ್ದಂತೆಯೇ ಆಟಕ್ಕೆ ಎಳೆಯುವಂತಿಲ್ಲ. ಅವು ಕಾಣಿಕೆ ಸಲ್ಲುತ್ತಿರುವ ದೈವಗಳು, ದಾಳದ ಏಟಿಗೆ ಸಾಯತಕ್ಕ ಪಾತ್ರಗಳಲ್ಲ. ಕುಂಟ, ಕುರುಡ, ಕುಳ್ಳ ಎಂಬ ಅಂಗನ್ಯೂನತೆಯ ಹೆಸರುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ.

ಹಾಗಾದರೆ ಪಟ್ಟಿಯನ್ನು ಬಿಟ್ಟು ಪದ್ಧತಿಯನ್ನು ಮಾತ್ರ ಎರವಲು ಪಡೆಯುವುದು ಉಳಿದ ಮಾರ್ಗ. ಜೀವಿಯ ರೂಪ ಅಥವಾ ಕೃತ್ಯವನ್ನು ಹೇಳುವ ದೇಸಿ ಅನ್ವರ್ಥನಾಮ, ಅದರ ಮೇಲೆ ಅಂಜಿಕೆಯ ಗೌರವ ಪ್ರತ್ಯಯ. ಮೊದಲನೆಯ ಭಾಗಕ್ಕೆ ತೆಂಗಿನ ತೋಟವೇ ಸಾಕಷ್ಟು ಸಾಮಗ್ರಿ ಒದಗಿಸುತ್ತದೆ: ಸೋಗೆ, ಮಟ್ಟೆ, ಕರಟ, ನಾರು, ಜುಟ್ಟು, ಹೊಂಬಾಳೆ, ಗಿಟುಕು. ಮುಕ್ಕಣ್ಣ, ಹಣೆಗಣ್ಣ ಎಂಬ ಬಹುವ್ರೀಹಿಗಳ ಜಾಡಿನಲ್ಲಿ, ಆದೇಶಸಂಧಿಯೊಡನೆ, ಸೋಗೆಗೂದಲ, ಮಟ್ಟೆಗಾಲ, ಕರಟದಲೆಯ ಎಂದು ಕಟ್ಟಬಹುದು. ಕುಂಭಕರ್ಣನ ಕೊಡ ಅಡುಗೆಮನೆಯಿಂದ ಬಂದಂತೆಯೇ ಇವು ತೋಟದಿಂದ ಬಂದವು. ಯಾವ ಮನುಷ್ಯನ ಮೈಯನ್ನೂ ಮುಟ್ಟುವುದಿಲ್ಲ.

ಕೃತ್ಯವಾಚಕಗಳ ಕ್ಷೇತ್ರ ಇದಕ್ಕಿಂತ ಶ್ರೀಮಂತವಾದುದು. ಸಣ್ಣಪುಟ್ಟ ದುರ್ಗುಣಗಳನ್ನು ಹೇಳಲೆಂದೇ ಕನ್ನಡ ಕೆಲವು ಉತ್ತರಪದಗಳನ್ನು ಕಾಯ್ದಿರಿಸಿದಂತೆ ತೋರುತ್ತದೆ. ತಿಂಡಿಪೋತ, ಹೊಟ್ಟೆಬಾಕ, ಬಾಯಿಬಡಕ, ಅಳುಬುರುಕ, ಲಂಚಗುಳಿ ಎಂಬಲ್ಲಿನ ಪೋತ, ಬಾಕ, ಬಡಕ, ಬುರುಕ, ಗುಳಿಗಳನ್ನು ನೋಡಬಹುದು. ಇವು ಕೊಲೆ, ದ್ರೋಹಗಳಂಥ ಮಹಾಪಾತಕಗಳಿಗೆ ಹತ್ತುವುದಿಲ್ಲ. ‘ಕೊಲೆಬುರುಕ’ನಿಲ್ಲ, ‘ದ್ರೋಹಪೋತ’ನೂ ಇಲ್ಲ. ಬೈಗುಳವೂ ನಗೆಯೂ ಕೂಡಿದ ಈ ಮಟ್ಟವೇ ಗಾಬ್ಲಿನ್‌ನ ಮಟ್ಟ. ಗಿಟುಕುಪೋತ, ಕಾಯಿಬಾಕ, ಎಳನೀರುಗುಳಿ ಎಂದರೆ ಕೊಬ್ಬರಿ ಅಟ್ಟಕ್ಕೆ ನುಗ್ಗುವ ಕಿರುದೆವ್ವದ ಸಂಸಾರವೇ ಕಣ್ಣಮುಂದೆ ಬರುತ್ತದೆ. ದೋಷ ಇಲ್ಲಿ ಹುಟ್ಟಿನದಲ್ಲ, ನಡತೆಯದು. ಕತೆಯ ನಡುವೆ ದೆವ್ವ ಕದಿಯುವುದನ್ನು ಬಿಟ್ಟರೆ ಹೆಸರನ್ನೂ ಬದಲಿಸಿಕೊಳ್ಳಬಹುದು.

ಪಂಡಿತರಿಗೆ ಒಂದು ಆಕ್ಷೇಪ ತೋರಬಹುದು. ದೇಸಿ ಪದಕ್ಕೆ ಸಂಸ್ಕೃತದ ‘ಅಸುರ’ ಸೇರಿಸಿ ‘ಗಿಟುಕಾಸುರ’ ಎಂದರೆ ಅರಿಸಮಾಸ. ಸಾಲದೆಂಬಂತೆ ಅಲ್ಲಿ ಸವರ್ಣದೀರ್ಘಕ್ಕೂ ಎಡೆಯಿಲ್ಲ. ಆಕ್ಷೇಪ ಸರಿಯೇ. ಆದರೆ ಬಿರುದಾವಳಿಗಳಲ್ಲಿ ಅರಿಸಮಾಸವನ್ನು ಕೇಶಿರಾಜನೇ ಸಹಿಸಿದ್ದಾನೆ. ತನಗೆ ತಾನೇ ಬಿರುದು ಕೊಟ್ಟುಕೊಂಡ ಗಿಡ್ಡ ದೆವ್ವದ ನಾಯಕ ‘ಗಿಟುಕಾಸುರ’ನೆಂದು ಗರ್ಜಿಸಿದರೆ ಆ ವ್ಯಾಕರಣದೋಷವೇ ಪಾತ್ರದ ಗುಣವಾಗುತ್ತದೆ. ಉಳಿದ ದೆವ್ವಗಳಿಗೆ ಈ ಸವಲತ್ತು ಬೇಡ. ಎಲ್ಲರೂ ಅಸುರರಾದರೆ ನಗೆ ಹುಟ್ಟುವುದಿಲ್ಲ.

ಎರಡನೆಯ ಭಾಗವಾದ ಗೌರವ ಪ್ರತ್ಯಯ ಸನ್ನಿವೇಶಕ್ಕೆ ತಕ್ಕಂತೆ ಏರಿಳಿಯತಕ್ಕದ್ದು. ತಮ್ಮತಮ್ಮಲ್ಲಿ ಅವು ಬರಿಯ ‘ಮಟ್ಟೆಗಾಲ’, ‘ಕಾಯಿಬಾಕ’. ಕತ್ತಲಲ್ಲಿ ಅವುಗಳ ಕೈಗೆ ಸಿಕ್ಕ ತೋಟದ ಯಜಮಾನನ ಬಾಯಲ್ಲಿ ಅವೇ ‘ಮಟ್ಟೆಗಾಲಯ್ಯ’, ‘ಕಾಯಿಬಾಕರಾಯ’, ‘ಸೋಗೆಗೂದಲಮ್ಮ’. ‘ಚಿಕ್ಕ’ ಎಂಬ ವಿಶೇಷಣವನ್ನು ಬಳಸುವಲ್ಲಿ ಮಾತ್ರ ಎಚ್ಚರ ಬೇಕು. ಹೆಸರುಗಳಲ್ಲಿ ಅದು ಮೈಯ ಅಳತೆಗಿಂತ ಹೆಚ್ಚಾಗಿ ಹಿರಿಕಿರಿತನವನ್ನು ಸೂಚಿಸುತ್ತದೆ. ‘ಚಿಕ್ಕ ಮಟ್ಟೆಗಾಲಯ್ಯ’ ಎಂದೊಡನೆ ಕೇಳುವವರು ದೊಡ್ಡ ಮಟ್ಟೆಗಾಲಯ್ಯ ಎಲ್ಲಿ ಎಂದು ಸುತ್ತ ನೋಡುತ್ತಾರೆ.

ಹೆಸರು ಒಗ್ಗಿತೋ ಇಲ್ಲವೋ ಎಂಬುದನ್ನು ಕಂಡುಕೊಳ್ಳಲು ಸಂಬೋಧನೆಗಿಂತ ಒಳ್ಳೆಯ ಒರೆಗಲ್ಲಿಲ್ಲ. ಬಯಲಾಟದ ಪಾತ್ರದಂತೆ ಮೇಜಿನಾಟದ ಪಾತ್ರವೂ ಕೂಗಿ ಕರೆಯಲ್ಪಡುವುದಕ್ಕೇ ಇರುವುದು. ‘ಎಲವೋ ಗಿಟುಕುಪೋತ’ ಎಂದು ಗದರಲೂ, ‘ಗಿಟುಕುಪೋತಯ್ಯಾ, ಒಂದು ಕಾಯಾದರೂ ಬಿಟ್ಟು ಹೋಗಪ್ಪ’ ಎಂದು ಗೋಗರೆಯಲೂ ಬರುವುದಾದರೆ ಆ ಹೆಸರು ಕನ್ನಡದ್ದು. ‘ಎಲವೋ ಗ್ರಿಶ್ನಾಖ್’ ಎಂದು ಗದರಬಹುದು; ಗೋಗರೆಯಲು ಬಾರದು.