ನೀರು ತೋರಿಸುವವನನ್ನು ನ್ಯಾಯವಾಗಿ ಶೋಧಿಸುವದು ಹೇಗೆ?

ಅಂಗೈಯ ಮೇಲೆ ತೆಂಗಿನಕಾಯಿಯನ್ನಾಗಲಿ ಕೈಯಲ್ಲಿ ಕವಲುಕಡ್ಡಿಯನ್ನಾಗಲಿ ಹಿಡಿದು ಹೊಲದಲ್ಲಿ ನಡೆದು, ನೆಲದೊಳಗಿನ ನೀರನ್ನು ತೋರಿಸುವೆವೆಂದು ಹೇಳುವವರು ನಮ್ಮ ಸೀಮೆಯಲ್ಲಿ ಅನೇಕರಿದ್ದಾರೆ. ಕೇಳಿದ ಕೂಡಲೇ ನಂಬುವವರುಂಟು. ನೋಡದೆಯೇ ನಗುವವರೂ ಉಂಟು. ಸಾಕ್ಷಿಯನ್ನು ವಿಚಾರಿಸದೆ ತೀರ್ಪು ಹೇಳುವದರಿಂದ ಇಬ್ಬರೂ ಅನ್ಯಾಯ ಮಾಡುತ್ತಾರೆ. ಇದು ಸಣ್ಣ ಸಂಗತಿಯಲ್ಲ. ಗುರುತು ಹಾಕಿದ ಸ್ಥಳದಲ್ಲಿ ಸಾಲ ಮಾಡಿ ಕೊಳವೆಬಾವಿಯನ್ನು ಕೊರೆಯಿಸಿ, ನೀರು ಕಾಣದೆ, ಹೊಲವನ್ನೇ ಕಳಕೊಳ್ಳುವವರುಂಟು. ಆದಕಾರಣ ಶೋಧಿಸುವ ಕ್ರಮವನ್ನು ನಾವು ಕಲಿತುಕೊಳ್ಳುವದು ಅವಶ್ಯ.

1. ಎರಡು ದೃಷ್ಟಾಂತಗಳು

ಮೆಸ್ಮರ್ ಎಂಬ ವೈದ್ಯನು ಕಣ್ಣಿಗೆ ಕಾಣದ ಒಂದು ದ್ರವದಿಂದ ರೋಗಗಳನ್ನು ವಾಸಿಮಾಡುವೆನೆಂದು ಪಾರಿಸ್ ಪಟ್ಟಣದಲ್ಲಿ ಪ್ರಸಿದ್ಧನಾಗಿದ್ದನು. 1784ರಲ್ಲಿ ಫ್ರಾನ್ಸಿನ ಅರಸನು ಇದನ್ನು ವಿಚಾರಿಸಲು ಪಂಡಿತರನ್ನು ನೇಮಿಸಿದನು. ಅವರಲ್ಲಿ ಬೆಂಜಮಿನ್ ಫ್ರಾಂಕ್ಲಿನನೂ ರಸಾಯನಶಾಸ್ತ್ರಜ್ಞನಾದ ಲವಾಸಿಯೆಯೂ ಇದ್ದರು. ಮೆಸ್ಮರನ ಶಿಷ್ಯನಾದ ದೆಸ್ಲೋನನು ಶೋಧನೆಗೆ ಒಪ್ಪಿದನು. ಫ್ರಾಂಕ್ಲಿನನ ತೋಟದಲ್ಲಿ ಒಂದು ಮರಕ್ಕೆ ಅವನೇ ಶಕ್ತಿಯನ್ನು ತುಂಬಿದನು. ಆ ಶಕ್ತಿಗೆ ಬೇಗನೆ ಒಳಗಾಗುವ ಸುಮಾರು 12 ವರುಷದ ಹುಡುಗನನ್ನೂ ಅವನೇ ಆರಿಸಿ ತಂದನು. ಹುಡುಗನ ಕಣ್ಣು ಕಟ್ಟಿ, ಶಕ್ತಿ ತುಂಬದ ನಾಲ್ಕು ಮರಗಳ ಬಳಿಗೆ ಒಂದೊಂದಾಗಿ ನಡಿಸಿದರು. ಅವನು ಬೆವರಿದನು, ತಲೆನೋವೆಂದನು, ನಾಲ್ಕನೆಯ ಮರದ ಬಳಿಯಲ್ಲಿ ಮೂರ್ಛೆಹೋದನು. ಶಕ್ತಿ ತುಂಬಿದ ಮರವಾದರೋ ಅಲ್ಲಿಂದ ಸುಮಾರು 24 ಅಡಿ ದೂರದಲ್ಲಿತ್ತು! ಮೂರ್ಛೆಯು ಸುಳ್ಳೆಂದು ಪಂಡಿತರು ಹೇಳಲಿಲ್ಲ. ಅದಕ್ಕೆ ಕಾರಣವು ದ್ರವವಲ್ಲ, ಕಲ್ಪನೆಯೇ ಎಂದು ತೀರ್ಮಾನಿಸಿದರು.

ಮತ್ತೊಂದು: ಬರ್ಲಿನಿನಲ್ಲಿ ಹಾನ್ಸ್ ಎಂಬ ಕುದುರೆಯು ಕಾಲಿನಿಂದ ತಟ್ಟಿ ಲೆಕ್ಕಗಳಿಗೆ ಉತ್ತರ ಕೊಡುತ್ತಿತ್ತು. ಕೇಳುವವನಿಗೇ ಉತ್ತರವು ತಿಳಿಯದಿದ್ದಾಗ ಕುದುರೆಗೂ ತಿಳಿಯದೆಂದು ಆಸ್ಕರ್ ಫುಂಗ್ಸ್ಟ್ ಎಂಬವನು 1907ರಲ್ಲಿ ತೋರಿಸಿದನು. ಕೇಳುವವನು ತನಗೆ ಅರಿವಿಲ್ಲದೆ ತಲೆಯನ್ನು ಸ್ವಲ್ಪ ಆಡಿಸುತ್ತಿದ್ದನು. ಕುದುರೆಯು ಅದನ್ನು ನೋಡಿ ತಟ್ಟುವದನ್ನು ನಿಲ್ಲಿಸುತ್ತಿತ್ತು. ಮೋಸವಿಲ್ಲದಲ್ಲಿಯೂ ತಪ್ಪು ಹೊಕ್ಕುವದೆಂಬದಕ್ಕೆ ಇದೇ ಸಾಕ್ಷಿ.

2. ಶೋಧಿಸುವ ಕ್ರಮ

ಮೊದಲು, ತನ್ನಿಂದ ಏನಾಗುವದೆಂದು ನೀರು ತೋರಿಸುವವನೇ ಹೇಳಲಿ, ಅದನ್ನು ಬರೆದುಕೊಳ್ಳತಕ್ಕದ್ದು. ನಿಂತ ನೀರು ತನಗೆ ಗೊತ್ತಾಗದು, ಹರಿಯುವ ನೀರು ಮಾತ್ರ ಗೊತ್ತಾಗುವದೆಂದರೆ, ಕೊಳವೆಯಲ್ಲಿ ನೀರು ಹರಿಸಿಯೇ ಶೋಧಿಸಬೇಕು. ಒಪ್ಪಿದರೆ ಹತ್ತು ತಗಡಿನ ಡಬ್ಬಿಗಳನ್ನು ತಂದು, ಒಂದರಲ್ಲಿ ನೀರನ್ನೂ ಉಳಿದವುಗಳಲ್ಲಿ ಮರಳನ್ನೂ ತುಂಬಿ ಮುಚ್ಚಬೇಕು. ಮಣ್ಣಿನ ಗಡಿಗೆ ಬೇಡ. ಯಾಕಂದರೆ ಅದರ ಒದ್ದೆಯೇ ಗುರುತು ಕೊಡುವದು.

ಎರಡನೆಯದಾಗಿ, ನೀರಿನ ಡಬ್ಬಿಯನ್ನು ತೋರಿಸಿ, ಅವನ ಕಡ್ಡಿಯು ಈ ಹೊತ್ತು ಅಲ್ಲಿ ಬಾಗುವದೋ ಎಂದು ನೋಡಬೇಕು. ಬಾಗಿದರೆ ಸ್ಥಳ ಸರಿಯಿಲ್ಲ, ದಿನ ಸರಿಯಿಲ್ಲ ಎಂಬ ಮಾತಿಗೆ ಆಮೇಲೆ ಎಡೆಯಿರದು.

ಮೂರನೆಯದಾಗಿ, ನೀರಿನ ಡಬ್ಬಿಯ ಸ್ಥಾನವನ್ನು ಪ್ರತಿಸಾರಿ ಚೀಟಿ ಎತ್ತಿ ಗೊತ್ತುಮಾಡಬೇಕು. ಇಟ್ಟವನು ಅಲ್ಲಿ ನಿಲ್ಲಬಾರದು. ನೋಡುವವರಿಗೂ ಅದು ತಿಳಿದಿರಬಾರದು. ಹಾನ್ಸ್ ಕುದುರೆಯನ್ನು ನೆನಸಿರಿ.

ನಾಲ್ಕನೆಯದಾಗಿ, ಎಷ್ಟು ಸರಿಯಾದರೆ ಗೆಲುವೆಂದು ಮುಂಚೆಯೇ ಒಪ್ಪಬೇಕು. ಹತ್ತು ಸಾರಿ ಮಾಡಿದರೆ ಬರೀ ಊಹೆಯಿಂದಲೇ ಸರಾಸರಿ ಒಂದು ಸರಿಬೀಳುವದು. ಐದು ಅಥವಾ ಹೆಚ್ಚು ಸರಿಬೀಳುವದಾದರೋ ಊಹೆಯಿಂದ ಸಾವಿರಕ್ಕೆ ಎರಡು ಸಾರಿಯೂ ಆಗುವದಿಲ್ಲ. ತಪ್ಪಿದ್ದನ್ನೂ ಬಿಡದೆ ಎಣಿಸತಕ್ಕದ್ದು.

3. ಬಾವಿಯ ಸಾಕ್ಷಿ

“ಅವನು ತೋರಿಸಿದಲ್ಲಿ ನೀರು ಬಂತಲ್ಲಾ?” ಎಂದು ಕೆಲವರು ಕೇಳುವರು. ಆದರೆ ಬೇಡವೆಂದು ಅವನು ಬಿಟ್ಟ ಸ್ಥಳದಲ್ಲಿ ಯಾರು ತೋಡಿ ನೋಡಿದರು? ನೆಲದಡಿಯಲ್ಲಿ ನೀರು ವಿಶಾಲವಾಗಿ ಹರಡಿರುವ ಕಡೆ ಎಲ್ಲಿ ತೋಡಿದರೂ ನೀರು ಬರಬಹುದು. ಬತ್ತಿದ ಬಾವಿಗಳ ಲೆಕ್ಕವಿಲ್ಲದೆ ತುಂಬಿದ ಬಾವಿಯು ಸಾಕ್ಷಿಯಾಗಲಾರದು.

4. ತೀರ್ಪು

ಅವನು ಗೆದ್ದರೆ, ಬೇರೆಯವರ ಮುಂದೆ ಇನ್ನೊಮ್ಮೆ ಶೋಧಿಸಿ, ಗೆದ್ದದ್ದನ್ನು ಸಂತೋಷದಿಂದ ಒಪ್ಪಿಕೊಳ್ಳೋಣ. ಸೋತರೆ ಅವನನ್ನು ವಂಚಕನೆಂದು ಹೀಯಾಳಿಸಬಾರದು; ಪಾರಿಸಿನ ಹುಡುಗನಂತೆ ಅವನೂ ತನ್ನನ್ನು ತಾನೇ ನಂಬಿದ್ದಾನು. ಆದರೆ ಅವನ ಕಡ್ಡಿಯನ್ನು ನೆಚ್ಚಿ ಸಾಲದ ಪತ್ರಕ್ಕೆ ರುಜು ಹಾಕಬೇಡಿರಿ.

ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು: ಹುಡುಗನನ್ನು ದೆಸ್ಲೋನನೇ ಆರಿಸಿದ್ದು ಯಾಕೆ ಒಳ್ಳೇದಾಯಿತು? ನಮ್ಮ ಊರಲ್ಲಿ ನೀರು ನೋಡಿಸಿ ತೋಡಿದ ಬಾವಿಗಳೆಷ್ಟು, ಅವುಗಳಲ್ಲಿ ಬತ್ತಿದವುಗಳೆಷ್ಟು?