ಕಳೆದ ನಾಣ್ಯ ಮನೆಯೊಳಗೇ ಇದೆ



ಸಂಘದ ಸಭೆಯಲ್ಲಿ ಉಳಿತಾಯ ಕಟ್ಟಿ, ಪಾಸ್‌ಬುಕ್ ಬರೆಸಿ ಆದ ಮೇಲೆ ನಾವು ಆಗಾಗ ಒಂದು ಮಾತು ಕೇಳುತ್ತೇವೆ: "ದಿನಾ ಏಳೋದು, ದುಡಿಯೋದು, ಮಲಗೋದು. ನನ್ನ ಬದುಕಿಗೆ ಎಂತ ಅರ್ಥ?" ಭಟ್ಕಳದಲ್ಲಿ ಮಲ್ಲಿಗೆ ಕಟ್ಟುವವರು, ಹೊನ್ನಾವರದಲ್ಲಿ ಮೀನು ಮಾರುವವರು, ಕುಮಟಾದ ಅಘನಾಶಿನಿಯಲ್ಲಿ ಬಳಚು ಆರಿಸುವವರು, ಮಕ್ಕಳು ದೂರ ಹೋಗಿ ಒಂಟಿಯಾದವರು, ಎಲ್ಲರೂ ಒಂದಲ್ಲ ಒಂದು ದಿನ ಕೇಳಿಕೊಳ್ಳುವ ಪ್ರಶ್ನೆ ಇದು.

ಲೂಕನ ಶುಭಸಂದೇಶದ 15ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಒಂದು ಸಾಮತಿ ಹೇಳುತ್ತಾರೆ. ಒಬ್ಬ ಹೆಂಗಸಿನ ಹತ್ತಿರ ಹತ್ತು ಬೆಳ್ಳಿ ನಾಣ್ಯಗಳಿದ್ದವು. ಒಂದು ಕಳೆದುಹೋಯಿತು. ಅವಳು ದೀಪ ಹಚ್ಚಿ, ಮನೆ ಗುಡಿಸಿ, ಸಿಗುವ ತನಕ ಹುಡುಕಿದಳು. ಸಿಕ್ಕಿದಾಗ ಗೆಳತಿಯರನ್ನೂ ನೆರೆಹೊರೆಯವರನ್ನೂ ಕರೆದು ಸಂತೋಷಪಟ್ಟಳು. ದೇವರು ನಮ್ಮನ್ನು ಹೀಗೆ ಹುಡುಕುತ್ತಾರೆ ಎಂಬುದು ಇದರ ಅರ್ಥ. ಇನ್ನೊಂದನ್ನೂ ಗಮನಿಸಿ: ನಾಣ್ಯ ಹೊರಗೆಲ್ಲೂ ಹೋಗಿರಲಿಲ್ಲ. ಧೂಳಿನಲ್ಲಿ ಬಿದ್ದಿದ್ದರೂ ಅದರ ಬೆಲೆ ಕಡಿಮೆಯಾಗಿರಲಿಲ್ಲ. ನಮ್ಮ ಬದುಕಿನ ಅರ್ಥವೂ ಹಾಗೇ. ಹುಡುಕುವ ದಾರಿಯನ್ನು ಈ ಹೆಂಗಸೇ ತೋರಿಸಿದ್ದಾಳೆ.

1. ದೀಪ ಹಚ್ಚಿ. ದಿನಕ್ಕೆ ಹತ್ತು ನಿಮಿಷ ಟಿ.ವಿ., ಮೊಬೈಲ್ ಬದಿಗಿಟ್ಟು ಸುಮ್ಮನೆ ಕೂರಿ. ಇವತ್ತು ಯಾವ ಕೆಲಸದಲ್ಲಿ ಮನಸ್ಸು ಹಗುರ ಇತ್ತು? ನನ್ನಿಂದ ಯಾರಿಗೆ ಉಪಕಾರ ಆಯ್ತು? ಪ್ರಾರ್ಥನೆ ಮಾಡುವವರು ಪ್ರಾರ್ಥನೆಯೊಂದಿಗೆ ಇದನ್ನು ಕೇಳಿಕೊಳ್ಳಲಿ. ಯಾವ ಧರ್ಮದವರಾದರೂ ಮಾಡಬಹುದು.

2. ಕಸ ಗುಡಿಸಿ. "ನೀ ಎಂತಕ್ಕೂ ಬರೋದಿಲ್ಲ" ಎಂದು ಯಾರೋ ಹೇಳಿದ್ದು, ಪಕ್ಕದ ಮನೆಯವರೊಂದಿಗೆ ಹೋಲಿಸಿಕೊಂಡದ್ದು, ಹಳೇ ತಪ್ಪಿಗೆ ಇನ್ನೂ ನಮ್ಮನ್ನೇ ಬೈದುಕೊಳ್ಳುವುದು, ಇವೆಲ್ಲ ಕಸ. ಕಸದ ರಾಶಿಯಡಿ ನಾಣ್ಯ ಕಾಣುವುದಿಲ್ಲ.

3. ತಾಳ್ಮೆಯಿಂದ ಹುಡುಕಿ. ಪಕ್ಕದ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನೆಯಿರಿ. ಹಾಲಕ್ಕಿ ಸಮುದಾಯದ ಅವರು ಶಾಲೆಗೆ ಹೋದವರಲ್ಲ. ಚಿಕ್ಕವರಿರುವಾಗಲೇ ತಂದೆ ತೀರಿಕೊಂಡರು. ತಾಯಿಯ ಜೊತೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿ ಮಾಡಿದರು. ಕೂಲಿ ಕೆಲಸವೆಂದು ಬೇಸರಿಸದೆ ಗಿಡಗಳನ್ನು ಗಮನಿಸಿದರು. ಒಳ್ಳೆಯ ಬೀಜ ಕೊಡುವ ತಾಯಿಮರ ಯಾವುದು, ಬೀಜ ಯಾವಾಗ ಆರಿಸಬೇಕು ಎಂಬುದು ಅವರಿಗೆ ಗೊತ್ತಿತ್ತು. 2021ರ ನವೆಂಬರ್‌ನಲ್ಲಿ ಬರಿಗಾಲಲ್ಲೇ ಹೋಗಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಪಡೆದರು. 2024ರ ಡಿಸೆಂಬರ್ 16ರಂದು ತೀರಿಕೊಂಡರು. ಪ್ರಶಸ್ತಿ ಬಂದದ್ದು ಕೊನೆಗಾಲದಲ್ಲಿ. ಅದು ಬರುವ ಮೊದಲೂ ಅವರ ಬದುಕು ತುಂಬಿಯೇ ಇತ್ತು. ನಮಗೆ ಪ್ರಶಸ್ತಿ ಬಾರದೇ ಇರಬಹುದು. ಆದರೆ ನಮ್ಮ ಕೈಗೆ ಗೊತ್ತಿರುವ, ನಾವು ಪ್ರೀತಿಸುವ ಕೆಲಸ ಒಂದಾದರೂ ಇದ್ದೇ ಇದೆ.

4. ಗೆಳತಿಯರನ್ನು ಕರೆಯಿರಿ. ಒಳಗೆ ಹುಡುಕುವುದೆಂದರೆ ಒಬ್ಬರೇ ನುಂಗಿಕೊಳ್ಳುವುದಲ್ಲ. ಸಿಕ್ಕಿದ್ದನ್ನು ಸಂಘದಲ್ಲಿ ಹಂಚಿಕೊಳ್ಳಿ. ಸಿಗದಿದ್ದರೆ ಅದನ್ನೂ ಹೇಳಿ. ಹೊಡೆತ ತಿನ್ನುವುದು, ಅವಮಾನ ಸಹಿಸುವುದೇ ನನ್ನ ಬದುಕಿನ ಅರ್ಥ ಎಂದು ಯಾರೂ ತಿಳಿಯಬಾರದು. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಅದು ನಿಮ್ಮ ತಪ್ಪಲ್ಲ. ಕೂಡಲೇ ನಂಬಿಕೆಯ ಒಬ್ಬರಿಗೆ ಹೇಳಿ, ವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು.

ಸಂಘದಲ್ಲಿ ಚರ್ಚಿಸಿ:
* ನನ್ನ ಮನೆಯ "ಕಸ" ಯಾವುದು?
* ನನ್ನ ಪಕ್ಕದಲ್ಲಿ ಕೂತ ಸಹೋದರಿಯಲ್ಲಿ ನಾನು ಕಂಡ ಒಂದು ಬೆಲೆಬಾಳುವ ಗುಣ ಯಾವುದು? ಅದನ್ನು ಅವರಿಗೇ ಹೇಳಿ. ತಮ್ಮ ನಾಣ್ಯ ಅವರಿಗೆ ಇನ್ನೂ ಕಂಡಿರಲಿಕ್ಕಿಲ್ಲ.